ಹನ್ನೆರಡು ಕೋರ್‌ಗಳ ಎರಡು ಹಳೆಯ ಜಿಯಾನ್‌ಗಳು: ಇ5-2697 ವಿ2 ಕೊಳ್ಳುವುದೋ, ಇ5-2680 ವಿ3 ಕೊಳ್ಳುವುದೋ?

ಡೇಟಾ ಸೆಂಟರ್‌ಗಳು ಹಳೆಯ ಸರ್ವರ್‌ಗಳನ್ನು ಹೊರಹಾಕಿದಾಗ ಅವುಗಳೊಳಗಿನ ಪ್ರೊಸೆಸರ್‌ಗಳು ಬಿಡಿಬಿಡಿಯಾಗಿ ಮಾರಾಟಕ್ಕೆ ಬರುತ್ತವೆ. ಹಾಗೆ ಬಂದವುಗಳಲ್ಲಿ ಇಂಟೆಲ್‌ನ ಜಿಯಾನ್ ಇ5-2697 ವಿ2 ಮತ್ತು ಜಿಯಾನ್ ಇ5-2680 ವಿ3 ನಡುವೆ ಯಾವುದನ್ನು ಆರಿಸಬೇಕೆಂದು ತಿಳಿಯದೆ ಒದ್ದಾಡುವುದು ಸಹಜ. ಎರಡರಲ್ಲಿಯೂ 12 ಕೋರ್ (ಸ್ವತಂತ್ರವಾಗಿ ಲೆಕ್ಕ ಮಾಡುವ ಘಟಕಗಳು), 24 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆಗಳು). ಎರಡರಲ್ಲಿಯೂ 30 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗಿನ ಚುರುಕು ಮೆಮೊರಿ). ಎರಡನ್ನೂ ತಯಾರಿಸಿದ್ದು 22 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ. ಮೊದಲನೆಯದು ಬಿಡುಗಡೆಯಾದದ್ದು 2013ರ ಸೆಪ್ಟೆಂಬರ್‌ನಲ್ಲಿ, ಎರಡನೆಯದು ಸರಿಯಾಗಿ ಒಂದು ವರ್ಷದ ನಂತರ.

ವಿವರಗಳ ಪಟ್ಟಿಯನ್ನಷ್ಟೇ ನೋಡಿದವರಿಗೆ ಹಳೆಯದೇ ಮೇಲು ಎನಿಸುತ್ತದೆ. ಅದರ ಗಡಿಯಾರದ ವೇಗ ಹೆಚ್ಚು, ಬಿಡುಗಡೆಯ ಸಮಯದ ಪಟ್ಟಿ ಬೆಲೆಯೂ ಬಹಳ ಹೆಚ್ಚು: ಅದು 2,614 ಡಾಲರ್, ಇದು 1,745 ಡಾಲರ್. ತನ್ನ ಪೀಳಿಗೆಯ ಎರಡು ಸಾಕೆಟ್‌ನ ಸರ್ವರ್‌ಗಳಲ್ಲಿ 2697 ವಿ2 ತುತ್ತತುದಿಯ ಮಾದರಿಯಾಗಿತ್ತು. 2680 ವಿ3 ತನ್ನ ಪೀಳಿಗೆಯಲ್ಲಿ ಮಧ್ಯಮಕ್ಕಿಂತ ತುಸು ಮೇಲಿನದು, ಅಷ್ಟೇ. ಅದರ ಮೇಲೆ 18 ಕೋರ್‌ಗಳವರೆಗೂ ಮಾದರಿಗಳಿದ್ದವು. ಆದರೆ ಅಂದಿನ ಅಂತಸ್ತು ಇಂದು ಕೊಳ್ಳುವವರ ಲೆಕ್ಕಕ್ಕೆ ಬರುವುದಿಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ಎಲ್‌ಜಿಎ 2011 ಸಾಕೆಟ್‌ನ ಮದರ್‌ಬೋರ್ಡ್ ಮತ್ತು ಸಾಕಷ್ಟು ಡಿಡಿಆರ್3 ಸರ್ವರ್ ಮೆಮೊರಿ ಈಗಾಗಲೇ ನಿಮ್ಮ ಬಳಿ ಇದ್ದರೆ, ಅದರಲ್ಲಿ ಆರು ಅಥವಾ ಎಂಟು ಕೋರ್‌ಗಳ ಹಳೆಯ ಪ್ರೊಸೆಸರ್ ಕುಳಿತಿದ್ದರೆ, 2697 ವಿ2 ಕೊಳ್ಳಿ. ಉಳಿದ ಬಹುತೇಕ ಸಂದರ್ಭಗಳಲ್ಲಿ 2680 ವಿ3. ಎರಡರ ಸಾಮಾನ್ಯ ವೇಗದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಅಂತರವಿರುವುದು ಅವು ಬಲ್ಲ ಸೂಚನೆಗಳಲ್ಲಿ, ಅವು ಕೂರುವ ಬೋರ್ಡ್‌ನಲ್ಲಿ ಮತ್ತು ಮುಂದೆ ಯಾವ ಆಪರೇಟಿಂಗ್ ಸಿಸ್ಟಂ ಅವುಗಳನ್ನು ಒಪ್ಪುತ್ತದೆ ಎಂಬುದರಲ್ಲಿ.

| ವಿವರ | ಇ5-2697 ವಿ2 | ಇ5-2680 ವಿ3 |
|---|---|---|
| ವಿನ್ಯಾಸ | ಐವಿ ಬ್ರಿಡ್ಜ್-ಇಪಿ | ಹ್ಯಾಸ್ವೆಲ್-ಇಪಿ |
| ಮೂಲ ವೇಗ | 2.7 ಗಿಗಾಹರ್ಟ್ಸ್ | 2.5 ಗಿಗಾಹರ್ಟ್ಸ್ |
| ಗರಿಷ್ಠ ಟರ್ಬೊ (ಕೆಲಸ ಬಿದ್ದಾಗ ತಾನಾಗಿ ಏರುವ ವೇಗ) | 3.5 ಗಿಗಾಹರ್ಟ್ಸ್ | 3.3 ಗಿಗಾಹರ್ಟ್ಸ್ |
| ಎಲ್ಲ ಕೋರ್‌ಗಳ ಟರ್ಬೊ | 3.0 ಗಿಗಾಹರ್ಟ್ಸ್ | 2.9 ಗಿಗಾಹರ್ಟ್ಸ್ |
| ಟಿಡಿಪಿ (ತಂಪುಕಾರಕ ಹೊರಹಾಕಬೇಕಾದ ಬಿಸಿ) | 130 ವ್ಯಾಟ್ | 120 ವ್ಯಾಟ್ |
| ಮೆಮೊರಿ | ಡಿಡಿಆರ್3-1866, ನಾಲ್ಕು ಚಾನೆಲ್ | ಡಿಡಿಆರ್4-2133, ನಾಲ್ಕು ಚಾನೆಲ್ |
| ಸಾಕೆಟ್ | ಎಲ್‌ಜಿಎ 2011 | ಎಲ್‌ಜಿಎ 2011-3 |
| ವೆಕ್ಟರ್ ಸೂಚನೆಗಳು (ಹಲವು ಸಂಖ್ಯೆಗಳ ಲೆಕ್ಕ ಒಟ್ಟಿಗೆ) | ಎವಿಎಕ್ಸ್ | ಎವಿಎಕ್ಸ್2, ಎಫ್‌ಎಂಎ |
| ಪಿಸಿಐಇ (ಕಾರ್ಡ್‌ಗಳನ್ನು ಜೋಡಿಸುವ ದಾರಿ) | 3.0, 40 ಲೇನ್ | 3.0, 40 ಲೇನ್ |

ಗಡಿಯಾರದ ವೇಗ ಎಷ್ಟು ನಿಜ

ಮೂಲ ವೇಗವನ್ನು ಮರೆತುಬಿಡಬಹುದು. ಸಾಮಾನ್ಯ ಕೆಲಸದಲ್ಲಿ ಈ ಎರಡೂ ಪ್ರೊಸೆಸರ್‌ಗಳು ಅಷ್ಟು ಕೆಳಗೆ ಇಳಿಯುವುದು ಅಪರೂಪ. ನೋಡಬೇಕಾದದ್ದು ಟರ್ಬೊ ಮೆಟ್ಟಿಲುಗಳನ್ನು. 2697 ವಿ2ನಲ್ಲಿ ಒಂದೇ ಕೋರ್ ದುಡಿಯುತ್ತಿದ್ದರೆ 3.5 ಗಿಗಾಹರ್ಟ್ಸ್, ಎರಡಾದರೆ 3.4, ಮೂರಾದರೆ 3.3 ಹೀಗೆ ಮೆಲ್ಲಮೆಲ್ಲನೆ ಇಳಿದು ಆರು ಕೋರ್‌ಗಳಿಂದ ಮುಂದಕ್ಕೆ 3.0ರಲ್ಲಿ ನಿಲ್ಲುತ್ತದೆ. 2680 ವಿ3ನಲ್ಲಿ ಎರಡು ಕೋರ್‌ಗಳವರೆಗೆ 3.3, ಮೂರಕ್ಕೆ 3.1, ನಾಲ್ಕಕ್ಕೆ 3.0, ಐದರಿಂದ ಹನ್ನೆರಡರವರೆಗೆ 2.9. ಅಂದರೆ ಎಲ್ಲ ಕೋರ್‌ಗಳೂ ದುಡಿಯುವಾಗ ಹಳೆಯದರ ಮುನ್ನಡೆ ಶೇಕಡಾ 3ರಷ್ಟು ಮಾತ್ರ. ಮೂರರಿಂದ ಐದು ಕೋರ್‌ಗಳಷ್ಟೇ ಬ್ಯುಸಿಯಾಗಿರುವ ಕೆಲಸಗಳಲ್ಲಿ ಅದು 0.2 ಗಿಗಾಹರ್ಟ್ಸ್‌ನಷ್ಟು ಮುಂದಿರುತ್ತದೆ.

ಈ ಮುನ್ನಡೆಯನ್ನು ಹ್ಯಾಸ್ವೆಲ್, ಅಂದರೆ 2680 ವಿ3ನ ವಿನ್ಯಾಸ, ಬೇರೆ ಬಗೆಯಲ್ಲಿ ತೀರಿಸಿಕೊಳ್ಳುತ್ತದೆ. ಒಂದು ಗಡಿಯಾರದ ಬಡಿತದಲ್ಲಿ ಅದು ಮುಗಿಸುವ ಕೆಲಸ ಹೆಚ್ಚು. 2697 ವಿ2ನ ವಿನ್ಯಾಸವಾದ ಐವಿ ಬ್ರಿಡ್ಜ್‌ನ ಕೋರ್‌ನಲ್ಲಿ ಸೂಚನೆಗಳನ್ನು ಕಾರ್ಯಗತಗೊಳಿಸುವ ಆರು ಪೋರ್ಟ್‌ಗಳಿದ್ದರೆ ಹ್ಯಾಸ್ವೆಲ್‌ನಲ್ಲಿ ಎಂಟಿವೆ. ಕ್ರಮ ತಪ್ಪಿಸಿ ಮುಂಚಿತವಾಗಿ ಮಾಡಿಟ್ಟ ಕೆಲಸವನ್ನು ಹಿಡಿದಿಡುವ ಬಫರ್ 168ರಿಂದ 192ಕ್ಕೆ ಬೆಳೆದಿದೆ. ಎಲ್1 ಕ್ಯಾಶ್‌ನಿಂದ ಒಂದು ಬಡಿತದಲ್ಲಿ ಎತ್ತಿಕೊಳ್ಳಬಹುದಾದ ದತ್ತಾಂಶ ಇಮ್ಮಡಿಯಾಗಿದೆ. ಇಷ್ಟೆಲ್ಲ ಸೇರಿ ಸಾಮಾನ್ಯ ಪ್ರೋಗ್ರಾಂಗಳಲ್ಲಿ, ಅಂದರೆ ವೆಬ್ ಸರ್ವರ್, ಕೋಡ್ ಕಂಪೈಲ್ ಮಾಡುವುದು, ಡೇಟಾಬೇಸ್ ಮುಂತಾದವುಗಳಲ್ಲಿ, ಒಂದೇ ವೇಗದಲ್ಲಿ ಓಡಿಸಿದರೆ ಹ್ಯಾಸ್ವೆಲ್‌ಗೆ ಶೇಕಡಾ 5ರಿಂದ 10ರಷ್ಟು ಲಾಭ ಸಿಗುತ್ತದೆ ಎಂದು ಇಟ್ಟುಕೊಳ್ಳಬಹುದು.

ಈಗ ಗುಣಿಸಿ ನೋಡಿ. ಒಂದೇ ಥ್ರೆಡ್‌ನಲ್ಲಿ ಐವಿ ಬ್ರಿಡ್ಜ್‌ನ ವೇಗ ಶೇಕಡಾ 6ರಷ್ಟು ಹೆಚ್ಚು, ಹ್ಯಾಸ್ವೆಲ್‌ನ ದಕ್ಷತೆ 5ರಿಂದ 10ರಷ್ಟು ಹೆಚ್ಚು. ಎರಡೂ ಒಂದನ್ನೊಂದು ಹೊಡೆದು ಹಾಕುತ್ತವೆ. ಎಲ್ಲ ಕೋರ್‌ಗಳೂ ದುಡಿಯುವಾಗ ಹ್ಯಾಸ್ವೆಲ್ ಶೇಕಡಾ 2ರಿಂದ 6ರಷ್ಟು ಮುಂದೆ ಹೋಗುತ್ತದೆ. ಒಂದು ಗಂಟೆಯ ಕೆಲಸದಲ್ಲಿ ಇದು ಎರಡು ಮೂರು ನಿಮಿಷಗಳ ಮಾತು. ಗಡಿಯಾರ ಹಿಡಿದು ಅಳೆಯದ ಹೊರತು ಯಾರ ಗಮನಕ್ಕೂ ಬಾರದು. ಅಂತರ್ಜಾಲದಲ್ಲಿ ಸಿಗುವ ಅಂಕಪಟ್ಟಿಗಳಲ್ಲಿ ಒಂದು ಕಡೆ ಇದು ಮುಂದೆ, ಇನ್ನೊಂದು ಕಡೆ ಅದು ಮುಂದೆ ಇರುವುದಕ್ಕೆ ಇದೇ ಕಾರಣ: ಅಂತರ ಎಷ್ಟು ಕಿರಿದೆಂದರೆ, ಮೆಮೊರಿ ಹಾಕಿದ ಬಗೆ ಅಥವಾ ಕೋಣೆಯ ಬಿಸಿಯೇ ಫಲಿತಾಂಶವನ್ನು ತಿರುಗಿಸಿಬಿಡಬಲ್ಲದು.

ವೆಕ್ಟರ್ ಲೆಕ್ಕಕ್ಕೆ ಬಂದರೆ ಕಥೆ ಬೇರೆ

ನಿಜವಾದ ಬಿರುಕು ಕಾಣುವುದು ಇಲ್ಲಿ. ಐವಿ ಬ್ರಿಡ್ಜ್‌ಗೆ ಎವಿಎಕ್ಸ್ ಗೊತ್ತು. 256 ಬಿಟ್ ಅಗಲದ ದಶಮಾಂಶ ಲೆಕ್ಕವನ್ನು ಮಾಡುತ್ತದೆ, ಆದರೆ ಪೂರ್ಣಾಂಕಗಳ ವೆಕ್ಟರ್ ಕೆಲಸ 128 ಬಿಟ್‌ಗೇ ನಿಂತುಹೋಗುತ್ತದೆ. ಹ್ಯಾಸ್ವೆಲ್‌ನ ಎವಿಎಕ್ಸ್2 ಪೂರ್ಣಾಂಕಗಳನ್ನೂ 256 ಬಿಟ್‌ಗೆ ಏರಿಸಿತು. ಜೊತೆಗೆ ಎಫ್‌ಎಂಎ ಬಂತು: ಗುಣಿಸಿ ಕೂಡಿಸುವುದನ್ನು ಒಂದೇ ಸೂಚನೆಯಲ್ಲಿ ಮುಗಿಸುವ ವ್ಯವಸ್ಥೆ. ಒಂದು ಬಡಿತಕ್ಕೆ ಒಂದು ಕೋರ್ ಮಾಡಬಲ್ಲ 64 ಬಿಟ್ ದಶಮಾಂಶ ಲೆಕ್ಕಗಳು 8ರಿಂದ 16ಕ್ಕೆ ಏರಿದವು.

ಕಾಗದದ ಮೇಲೆ ಇದರ ಫಲ ಹೀಗಿದೆ. 2697 ವಿ2ನಲ್ಲಿ 12 ಕೋರ್, 2.7 ಗಿಗಾಹರ್ಟ್ಸ್, ಬಡಿತಕ್ಕೆ 8 ಲೆಕ್ಕ: ಸುಮಾರು 259 ಗಿಗಾಫ್ಲಾಪ್ಸ್ (ಸೆಕೆಂಡಿಗೆ ಅಷ್ಟು ಶತಕೋಟಿ ಲೆಕ್ಕಗಳು). 2680 ವಿ3ನಲ್ಲಿ 12 ಕೋರ್, 2.5 ಗಿಗಾಹರ್ಟ್ಸ್, ಬಡಿತಕ್ಕೆ 16 ಲೆಕ್ಕ: 480 ಗಿಗಾಫ್ಲಾಪ್ಸ್. ಹತ್ತಿರ ಹತ್ತಿರ ದುಪ್ಪಟ್ಟು. ಆದರೆ ಈ 480ನ್ನು ಹಾಗೆಯೇ ನಂಬಬಾರದು. ಭಾರಿ ಎವಿಎಕ್ಸ್ ಕೆಲಸ ಶುರುವಾದೊಡನೆ ಹ್ಯಾಸ್ವೆಲ್-ಇಪಿ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. 2680 ವಿ3ಗೆ ಇಂಟೆಲ್ ಖಾತರಿ ಕೊಡುವ ಎವಿಎಕ್ಸ್ ಮೂಲ ವೇಗ 2.1 ಗಿಗಾಹರ್ಟ್ಸ್ ಮಾತ್ರ. ಆ ವೇಗದಲ್ಲಿ ಲೆಕ್ಕ 403 ಗಿಗಾಫ್ಲಾಪ್ಸ್‌ಗೆ ಇಳಿಯುತ್ತದೆ. ಇನ್ನೊಂದು ಕಿರಿಕಿರಿಯೂ ಇದೆ: ಈ ಪೀಳಿಗೆಯಲ್ಲಿ ಒಂದು ಕೋರ್ ಭಾರಿ ಎವಿಎಕ್ಸ್ ಕೆಲಸ ಹಿಡಿದರೆ ಉಳಿದ ಕೋರ್‌ಗಳೂ ಅದರ ಜೊತೆ ನಿಧಾನವಾಗುತ್ತವೆ. ಮುಂದಿನ ಬ್ರಾಡ್‌ವೆಲ್ ಪೀಳಿಗೆಯಲ್ಲಷ್ಟೇ ಅದು ಸರಿಹೋಯಿತು. ಒಂದೇ ಯಂತ್ರದಲ್ಲಿ ವೀಡಿಯೊ ಎನ್‌ಕೋಡಿಂಗ್ ಮತ್ತು ಡೇಟಾಬೇಸ್ ಎರಡನ್ನೂ ಇಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇದು ಬರೀ ಸಿದ್ಧಾಂತವಲ್ಲ ಎನ್ನುವುದಕ್ಕೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದ ಹೇಜಲ್ ಹೆನ್ ಎಂಬ ಸೂಪರ್‌ಕಂಪ್ಯೂಟರ್ ಒಳ್ಳೆಯ ಉದಾಹರಣೆ. ಕ್ರೇ ಎಕ್ಸ್‌ಸಿ40 ಮಾದರಿಯ ಆ ಯಂತ್ರದಲ್ಲಿದ್ದದ್ದು ಇದೇ 2680 ವಿ3. 7,712 ನೋಡ್‌ಗಳು (ಜಾಲದಲ್ಲಿ ಬೆಸೆದ ಬಿಡಿ ಕಂಪ್ಯೂಟರ್‌ಗಳು), ಒಟ್ಟು 1,85,088 ಕೋರ್‌ಗಳು. 2.5 ಗಿಗಾಹರ್ಟ್ಸ್ ಲೆಕ್ಕದಲ್ಲಿ ಅದರ ಗರಿಷ್ಠ ಸಾಮರ್ಥ್ಯ 7.4 ಪೆಟಾಫ್ಲಾಪ್ಸ್ (ಒಂದು ಪೆಟಾಫ್ಲಾಪ್ಸ್ ಎಂದರೆ ಹತ್ತು ಲಕ್ಷ ಗಿಗಾಫ್ಲಾಪ್ಸ್). ಸೂಪರ್‌ಕಂಪ್ಯೂಟರ್‌ಗಳ ವೇಗ ಅಳೆಯುವ ಲಿನ್‌ಪ್ಯಾಕ್ ಪರೀಕ್ಷೆಯಲ್ಲಿ ಅಳೆದಾಗ ಸಿಕ್ಕಿದ್ದು 5.64. ಶೇಕಡಾ 76. ಇಷ್ಟು ಕಡಿಮೆಯೇ ಎನಿಸಬಹುದು. ಆದರೆ 2.1 ಗಿಗಾಹರ್ಟ್ಸ್ ಲೆಕ್ಕ ಹಿಡಿದರೆ ಗರಿಷ್ಠವೇ 6.2 ಆಗುತ್ತದೆ, ಅಳೆದದ್ದು ಅದರ ಶೇಕಡಾ 90ರ ಆಚೆ ಹೋಗುತ್ತದೆ. ಸಾವಿರಾರು ನೋಡ್‌ಗಳ ಯಂತ್ರದಲ್ಲಿ ಜಾಲದ ವಿಳಂಬವೂ ಸೇರಿಕೊಳ್ಳುತ್ತದೆ ನಿಜ, ಆದರೂ ಈ ಪ್ರೊಸೆಸರ್‌ನಿಂದ ಏನನ್ನು ನಿರೀಕ್ಷಿಸಬೇಕು ಎಂಬುದಕ್ಕೆ 480ಕ್ಕಿಂತ 400 ಹೆಚ್ಚು ಪ್ರಾಮಾಣಿಕ ಸಂಖ್ಯೆ. ಹಾಗಿದ್ದರೂ 259ಕ್ಕೂ ಅದಕ್ಕೂ ಬಹಳ ದೂರ.

ಇದರ ಲಾಭ ಯಾರಿಗೆ? ಎಕ್ಸ್265ನಂಥ ವೀಡಿಯೊ ಎನ್‌ಕೋಡರ್ ಬಳಸುವವರಿಗೆ, ರೆಂಡರಿಂಗ್ ಮಾಡುವವರಿಗೆ, ಮ್ಯಾಟ್ರಿಕ್ಸ್ ಲೆಕ್ಕ ಮಾಡುವ ವಿಜ್ಞಾನದ ಪ್ರೋಗ್ರಾಂಗಳಿಗೆ, ಜಿಪಿಯು ಇಲ್ಲದೆ ಪ್ರೊಸೆಸರ್‌ನಲ್ಲೇ ಭಾಷಾ ಮಾದರಿಗಳನ್ನು ಓಡಿಸಿ ನೋಡುವವರಿಗೆ. ಕೊನೆಯದರಲ್ಲಿ ಒಂದು ಎಚ್ಚರಿಕೆ: ಭಾಷಾ ಮಾದರಿ ಪದಗಳನ್ನು ಒಂದೊಂದಾಗಿ ಹುಟ್ಟಿಸುವಾಗ ಮೆಮೊರಿಯ ವೇಗವೇ ಮಿತಿ ಹಾಕುತ್ತದೆ, ಅಲ್ಲಿ ಎವಿಎಕ್ಸ್2ನ ದುಪ್ಪಟ್ಟು ಶಕ್ತಿ ಕಾಣಿಸುವುದಿಲ್ಲ. ನೀವು ಕೊಟ್ಟ ಪಠ್ಯವನ್ನು ಅದು ಮೊದಲು ಓದಿಕೊಳ್ಳುವ ಹಂತದಲ್ಲಿ ಕಾಣಿಸುತ್ತದೆ.

ಗೂಢಲಿಪಿಯ ಕೆಲಸದಲ್ಲಿಯೂ ಹ್ಯಾಸ್ವೆಲ್‌ಗೆ ಮೇಲುಗೈ. ಎಇಎಸ್ ಎಂಬ ಗೂಢಲಿಪಿ ವಿಧಾನದ ಸೂಚನೆಗಳು ಎರಡರಲ್ಲಿಯೂ ಇವೆ. ಆದರೆ ಇಂದು ಬಹುಪಾಲು ಸುರಕ್ಷಿತ ಸಂಪರ್ಕಗಳು ಬಳಸುವ ಎಇಎಸ್-ಜಿಸಿಎಂ ವಿಧಾನಕ್ಕೆ ಬೇಕಾದ ಒಂದು ವಿಶೇಷ ಗುಣಾಕಾರ ಐವಿ ಬ್ರಿಡ್ಜ್‌ನಲ್ಲಿ ಮಂದ, ಹ್ಯಾಸ್ವೆಲ್‌ನಲ್ಲಿ ಹಲವು ಪಟ್ಟು ಚುರುಕು. ವಿಪಿಎನ್ ಗೇಟ್‌ವೇ ಅಥವಾ ಗೂಢಲಿಪೀಕರಿಸಿದ ಬ್ಯಾಕಪ್ ಸರ್ವರ್ ಕಟ್ಟುವವರು ಇದನ್ನು ಹಗುರವಾಗಿ ಕಾಣಬಾರದು.

ಹ್ಯಾಸ್ವೆಲ್‌ನ ಹೊಗಳಿಕೆಯಲ್ಲಿ ಟಿಎಸ್‌ಎಕ್ಸ್ (ಹಲವು ಥ್ರೆಡ್‌ಗಳು ಒಂದೇ ದತ್ತಾಂಶವನ್ನು ಹಂಚಿಕೊಳ್ಳಲು ನೆರವಾಗುವ ಸೂಚನೆಗಳು) ಎಂಬ ಇನ್ನೊಂದು ಹೆಸರು ಆಗಾಗ ಬರುತ್ತದೆ. ಅದನ್ನು ಪಟ್ಟಿಯಿಂದ ಹೊಡೆದುಹಾಕಿ. ಅದರಲ್ಲಿ ದೋಷ ಕಂಡುಬಂದು 2014ರಲ್ಲೇ ಮೈಕ್ರೊಕೋಡ್ (ಪ್ರೊಸೆಸರ್‌ನ ಒಳಗಿನ ತಂತ್ರಾಂಶ) ಮೂಲಕ ಅದನ್ನು ಮುಚ್ಚಲಾಯಿತು.

ಆಪರೇಟಿಂಗ್ ಸಿಸ್ಟಂ ಹಾಕಿದ ಗೆರೆ

ನನ್ನ ಮಟ್ಟಿಗೆ ಇಡೀ ಹೋಲಿಕೆಯನ್ನು ತೀರ್ಮಾನಿಸುವ ಅಂಶ ಇದು, ಆದರೂ ಅಂಕಪಟ್ಟಿಗಳಲ್ಲಿ ಇದರ ಸುಳಿವೇ ಇರುವುದಿಲ್ಲ. 64 ಬಿಟ್‌ನ ಎಕ್ಸ್86 ಪ್ರೊಸೆಸರ್‌ಗಳನ್ನು ಲಿನಕ್ಸ್ ಲೋಕ ಈಗ ಮಟ್ಟಗಳಾಗಿ ವಿಂಗಡಿಸಿದೆ. ಎರಡನೆಯ ಮಟ್ಟಕ್ಕೆ ಎಸ್‌ಎಸ್‌ಇ4.2 ಮುಂತಾದ ಹಳೆಯ ಸೂಚನೆಗಳು ಸಾಕು. ಮೂರನೆಯ ಮಟ್ಟಕ್ಕೆ ಎವಿಎಕ್ಸ್2, ಎಫ್‌ಎಂಎ, ಬಿಎಂಐ ಸೂಚನೆಗಳು ಕಡ್ಡಾಯ. ಈ ಮೂರನೆಯ ಮಟ್ಟದ ಗೆರೆ ಸರಿಯಾಗಿ ಐವಿ ಬ್ರಿಡ್ಜ್ ಮತ್ತು ಹ್ಯಾಸ್ವೆಲ್ ನಡುವೆ ಹಾದುಹೋಗುತ್ತದೆ. ಕಾಕತಾಳೀಯವಾಗಿ ನೆನಪಿಟ್ಟುಕೊಳ್ಳುವುದೂ ಸುಲಭ: ನಮ್ಮ ವಿ2 ಪ್ರೊಸೆಸರ್ ಎರಡನೆಯ ಮಟ್ಟದ್ದು, ವಿ3 ಪ್ರೊಸೆಸರ್ ಮೂರನೆಯ ಮಟ್ಟದ್ದು.

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ 9ನೆಯ ಆವೃತ್ತಿ ಎರಡನೆಯ ಮಟ್ಟವನ್ನು ಕೇಳುತ್ತಿತ್ತು. 2025ರಲ್ಲಿ ಬಂದ 10ನೆಯ ಆವೃತ್ತಿ ಮೂರನೆಯದನ್ನು ಕೇಳುತ್ತದೆ. ಅಂದರೆ 2697 ವಿ2 ಮೇಲೆ ಅದು ಓಡುವುದಿಲ್ಲ. ನಿಧಾನವಾಗಿ ಓಡುವ ಪ್ರಶ್ನೆಯಲ್ಲ, ಶುರುವೇ ಆಗುವುದಿಲ್ಲ. ರಾಕಿ ಲಿನಕ್ಸ್ 10 ಕೂಡ ಅದೇ ದಾರಿ ಹಿಡಿದಿದೆ. ಆಲ್ಮಾ ಲಿನಕ್ಸ್ ಮಾತ್ರ ಹಳೆಯ ಯಂತ್ರಗಳಿಗಾಗಿ ಎರಡನೆಯ ಮಟ್ಟದ ಪ್ರತ್ಯೇಕ ಆವೃತ್ತಿಯನ್ನು ಕೊಡುತ್ತಿದೆ. ಡೆಬಿಯನ್‌ನಂಥ ವಿತರಣೆಗಳು ಇನ್ನೂ ಹಳೆಯ ಯಂತ್ರಗಳನ್ನೂ ಒಳಗೆ ಬಿಟ್ಟುಕೊಳ್ಳುತ್ತವೆ, ಆದ್ದರಿಂದ ಮನೆಯ ಸರ್ವರ್‌ಗೆ ದಾರಿ ಮುಚ್ಚಿಹೋಗಿಲ್ಲ. ಆದರೆ ಕಚೇರಿಯ ಕೆಲಸವನ್ನೇ ಹೋಲುವ ಪ್ರಯೋಗಾಲಯ ಬೇಕೆನ್ನುವವರಿಗೆ, ರೆಡ್ ಹ್ಯಾಟ್ ಪರೀಕ್ಷೆಗಳಿಗೆ ತಯಾರಿ ನಡೆಸುವವರಿಗೆ, 2697 ವಿ2 ಇನ್ನು ಸಲ್ಲದ ಆಯ್ಕೆ. ವರ್ಚುವಲ್ ಯಂತ್ರದೊಳಗೆ ಹಾಕಿಕೊಳ್ಳುತ್ತೇನೆ ಎಂದರೂ ಪ್ರಯೋಜನವಿಲ್ಲ. ಅಡಿಯಲ್ಲಿರುವ ಪ್ರೊಸೆಸರ್‌ಗೆ ಗೊತ್ತಿಲ್ಲದ ಸೂಚನೆ ವರ್ಚುವಲ್ ಯಂತ್ರಕ್ಕೂ ಸಿಗುವುದಿಲ್ಲ. ಸಾಫ್ಟ್‌ವೇರ್ ಅನುಕರಣೆಯಿಂದ ಸಿಗುತ್ತದೆ, ಆದರೆ ಆ ವೇಗದಲ್ಲಿ ಕೆಲಸ ಮಾಡುವ ತಾಳ್ಮೆ ಯಾರಿಗೂ ಇರಲಾರದು.

2018ರ ನಂತರದ ಲೆಕ್ಕ

ಪ್ರೊಸೆಸರ್‌ನಿಂದ ಗುಟ್ಟಿನ ದತ್ತಾಂಶ ಸೋರಲು ಬಿಡುವ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ದೋಷಗಳು 2018ರ ಜನವರಿಯಲ್ಲಿ ಬಹಿರಂಗವಾದವು. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ಬಗೆಯ ಎಲ್1ಟಿಎಫ್, ಮರುವರ್ಷದ ಮೇ ತಿಂಗಳಲ್ಲಿ ಎಂಡಿಎಸ್. ಈ ಎರಡೂ ಪ್ರೊಸೆಸರ್‌ಗಳು ಇವೆಲ್ಲಕ್ಕೂ ಗುರಿಯಾಗುತ್ತವೆ. ಆದ್ದರಿಂದ 2018ಕ್ಕಿಂತ ಮೊದಲು ಬರೆದ ಯಾವ ಹೋಲಿಕೆಯ ಸಂಖ್ಯೆಗಳನ್ನೂ ಇಂದಿಗೆ ಹಾಗೆಯೇ ಅನ್ವಯಿಸಲಾಗದು. ರಕ್ಷಣೆಯ ತೇಪೆಗಳು ಹೆಚ್ಚು ನೋಯಿಸುವುದು ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಮತ್ತೆ ಮತ್ತೆ ಹೋಗಿಬರುವ ಕೆಲಸಗಳನ್ನು: ಸಣ್ಣ ಸಣ್ಣ ಫೈಲ್‌ಗಳು, ಚುರುಕಾದ ಡಿಸ್ಕ್, ಜಾಲದ ಪ್ಯಾಕೆಟ್‌ಗಳು. ಶುದ್ಧ ಲೆಕ್ಕದ ಕೆಲಸಕ್ಕೆ ಅವುಗಳಿಂದ ಹೆಚ್ಚು ತೊಂದರೆಯಿಲ್ಲ.

ಇಲ್ಲಿಯೂ ಹ್ಯಾಸ್ವೆಲ್‌ಗೆ ಒಂದು ಸಣ್ಣ ಅನುಕೂಲವಿದೆ. ಮೆಲ್ಟ್‌ಡೌನ್ ತಡೆಯಲು ಕರ್ನಲ್‌ನ ಪುಟಪಟ್ಟಿಗಳನ್ನು ಬೇರ್ಪಡಿಸಿದಾಗ, ವಿಳಾಸಗಳ ಕ್ಯಾಶ್ ಅನ್ನು ಪೂರ್ತಿ ಅಳಿಸದೆ ಬೇಕಾದಷ್ಟನ್ನೇ ಅಳಿಸಲು ಐಎನ್‌ವಿಪಿಸಿಐಡಿ ಎಂಬ ಸೂಚನೆ ನೆರವಾಗುತ್ತದೆ. ಅದು ಹ್ಯಾಸ್ವೆಲ್‌ನಲ್ಲಿದೆ, ಐವಿ ಬ್ರಿಡ್ಜ್‌ನಲ್ಲಿಲ್ಲ. ಒಂದೇ ಯಂತ್ರವನ್ನು ಪರಸ್ಪರ ನಂಬಿಕೆಯಿಲ್ಲದ ಹಲವರಿಗೆ ಹಂಚಿಕೊಡುವ ಯೋಚನೆಯಿದ್ದರೆ ಎರಡರಲ್ಲಿಯೂ ಹೈಪರ್‌ಥ್ರೆಡಿಂಗ್ (ಒಂದು ಕೋರ್‌ನಲ್ಲಿ ಎರಡು ಥ್ರೆಡ್ ನಡೆಸುವ ವ್ಯವಸ್ಥೆ) ನಿಲ್ಲಿಸಬೇಕಾಗುತ್ತದೆ. ಆಗ 24 ಥ್ರೆಡ್‌ಗಳ ಲೆಕ್ಕ 12ಕ್ಕೆ ಇಳಿಯುತ್ತದೆ. ಅಂಥ ಕೆಲಸಕ್ಕೆ ಇವೆರಡನ್ನೂ ಬಿಟ್ಟು ಹೊಸದನ್ನು ನೋಡುವುದೇ ಲೇಸು.

ಮೆಮೊರಿ: ವೇಗಕ್ಕಿಂತ ಕಡ್ಡಿಗಳ ಎಣಿಕೆ ಮುಖ್ಯ

ಡಿಡಿಆರ್3-1866ರಲ್ಲಿ ನಾಲ್ಕು ಚಾನೆಲ್ (ಮೆಮೊರಿಗೆ ಹೋಗುವ ದಾರಿಗಳು) ಸೇರಿ ಸೆಕೆಂಡಿಗೆ ಸುಮಾರು 60 ಜಿಬಿ; ಡಿಡಿಆರ್4-2133ರಲ್ಲಿ ಸುಮಾರು 68 ಜಿಬಿ. ಶೇಕಡಾ 14ರ ವ್ಯತ್ಯಾಸ. ಕಾಯುವ ಸಮಯದಲ್ಲಿ ಹೊಸದಕ್ಕೆ ಲಾಭವೇನೂ ಇಲ್ಲ. ಸಾಮಾನ್ಯ ಕಡ್ಡಿಗಳಲ್ಲಿ ಎರಡರದ್ದೂ 14 ನ್ಯಾನೋಸೆಕೆಂಡ್‌ನ ಆಸುಪಾಸು. ಈ ವ್ಯತ್ಯಾಸದ ಬಗ್ಗೆ ತಲೆ ಕೆಡಿಸಿಕೊಳ್ಳುವವರೇ ಒಂದು ಪ್ರೊಸೆಸರ್‌ಗೆ ಒಂದೇ ಒಂದು 32 ಜಿಬಿ ಕಡ್ಡಿ ಹಾಕಿ ಕೂರುತ್ತಾರೆ. ನಾಲ್ಕು ಬಾಗಿಲುಗಳ ಸಭಾಂಗಣದಲ್ಲಿ ಮೂರಕ್ಕೆ ಬೀಗ ಜಡಿದಂತೆ. 68 ಜಿಬಿ ಇದ್ದದ್ದು 17ಕ್ಕೆ ಇಳಿಯುತ್ತದೆ, ಎವಿಎಕ್ಸ್2 ಇದ್ದೂ ಕೋರ್‌ಗಳು ಹಸಿದು ಕಾಯುತ್ತವೆ. ಯಾವುದನ್ನೇ ಕೊಂಡರೂ ಪ್ರತಿ ಪ್ರೊಸೆಸರ್‌ಗೆ ಒಂದೇ ಅಳತೆಯ ನಾಲ್ಕು ಕಡ್ಡಿಗಳು ಬೇಕೇ ಬೇಕು. ಎರಡು ಸಾಕೆಟ್‌ಗಳ ಬೋರ್ಡ್ ಆದರೆ ಎಂಟು.

ಅದೇ ಉತ್ಸಾಹದಲ್ಲಿ ಎಲ್ಲ ಗೂಡುಗಳನ್ನೂ ತುಂಬಿದರೆ ವೇಗ ಇಳಿಯುತ್ತದೆ. ಒಂದು ಚಾನೆಲ್‌ಗೆ ಮೂರು ಕಡ್ಡಿ ಹಾಕಿದಾಗ ಡಿಡಿಆರ್3 ವ್ಯವಸ್ಥೆ 1866ರಿಂದ ಬಹಳ ಕೆಳಗೆ ಹೋಗುತ್ತದೆ, ಡಿಡಿಆರ್4 ಕೂಡ 2133ರಲ್ಲಿ ನಿಲ್ಲುವುದಿಲ್ಲ. ಸರ್ವರ್ ಮೆಮೊರಿಯ ಎರಡು ಬಗೆಗಳಾದ ರಿಜಿಸ್ಟರ್ಡ್ ಕಡ್ಡಿಗಳನ್ನೂ ಎಲ್‌ಆರ್‌ಡಿಐಎಂಎಂ ಕಡ್ಡಿಗಳನ್ನೂ ಬೆರೆಸಿದರೆ ಯಂತ್ರ ಏಳುವುದೇ ಇಲ್ಲ. ಇನ್ನು ಬೆಲೆ: ಬಳಸಿದ ಡಿಡಿಆರ್3 ಸರ್ವರ್ ಮೆಮೊರಿ ಹೊಸ ಯಾವ ಯಂತ್ರಕ್ಕೂ ಉಪಯೋಗವಿಲ್ಲದ್ದರಿಂದ ಸಾಮಾನ್ಯವಾಗಿ ಅಗ್ಗ. ಡಿಡಿಆರ್4ಗೆ ಬೇಡಿಕೆ ಇನ್ನೂ ಇದೆ, ಅದರ ಬೆಲೆ ಏರಿಳಿಯುತ್ತಲೇ ಇರುತ್ತದೆ. 256 ಜಿಬಿಯಷ್ಟು ಮೆಮೊರಿ ಬೇಕು, ಲೆಕ್ಕದ ಶಕ್ತಿ ಎಷ್ಟಿದ್ದರೂ ಸರಿ ಎನ್ನುವವರಿಗೆ ಈ ಒಂದೇ ಕಾರಣಕ್ಕೆ ಹಳೆಯ ವೇದಿಕೆ ಲಾಭದಾಯಕವಾಗಬಹುದು. ಆದ್ದರಿಂದ ಪ್ರೊಸೆಸರ್‌ನ ಬೆಲೆಯನ್ನಷ್ಟೇ ಹೋಲಿಸಬೇಡಿ. ಬೋರ್ಡ್, ಮೆಮೊರಿ, ಪ್ರೊಸೆಸರ್ ಮೂರರ ಮೊತ್ತವನ್ನು ಎದುರುಬದುರು ಇಟ್ಟು ನೋಡಿ.

ಬೋರ್ಡ್ ಎಲ್ಲಿಗೆ ಕರೆದೊಯ್ಯುತ್ತದೆ

ಎರಡೂ ಸಾಕೆಟ್‌ಗಳಲ್ಲಿ 2,011 ಸಂಪರ್ಕಗಳೇ ಇವೆ, ಆದರೆ ಒಂದರದ್ದು ಇನ್ನೊಂದರಲ್ಲಿ ಕೂರುವುದಿಲ್ಲ. ಅಂಚಿನ ಕಚ್ಚುಗಳೇ ಬೇರೆ. ತಂಪುಕಾರಕಗಳನ್ನು ಮಾತ್ರ ಬಹುಮಟ್ಟಿಗೆ ಹಂಚಿಕೊಳ್ಳಬಹುದು. ಚೌಕ ಮತ್ತು ಕಿರಿದು ಎಂದು ಎರಡು ಬಗೆಯ ಜೋಡಣೆಗಳಿವೆ, ತಿರುಪಿನ ತೂತುಗಳ ಅಂತರ ಒಂದರಲ್ಲಿ 80 ಮತ್ತು 80 ಮಿಲಿಮೀಟರ್, ಇನ್ನೊಂದರಲ್ಲಿ 56 ಮತ್ತು 94. ನಿಮ್ಮ ಬೋರ್ಡ್‌ನದು ಯಾವುದೆಂದು ಅಳೆದೇ ತಂಪುಕಾರಕ ತರಿಸಿ.

2697 ವಿ2 ತನ್ನ ಬೋರ್ಡ್‌ನಲ್ಲಿ ದಾರಿಯ ಕೊನೆ. ಎಲ್‌ಜಿಎ 2011ರ ಎರಡು ಸಾಕೆಟ್ ಬೋರ್ಡ್‌ಗಳಲ್ಲಿ ಅದಕ್ಕಿಂತ ಹೆಚ್ಚು ಕೋರ್‌ಗಳ ಇ5-2600 ಸರಣಿಯ ಪ್ರೊಸೆಸರ್ ಇಲ್ಲ. 2680 ವಿ3 ಕೂರುವ ಬೋರ್ಡ್‌ಗಾದರೋ ಇನ್ನೂ ಒಂದು ಪೀಳಿಗೆ ಬಾಕಿಯಿದೆ: ಬಯಾಸ್ (ಬೋರ್ಡ್ ಅನ್ನು ಎಬ್ಬಿಸುವ ತಂತ್ರಾಂಶ) ನವೀಕರಿಸಿದರೆ 2016ರ ಬ್ರಾಡ್‌ವೆಲ್-ಇಪಿ ಪ್ರೊಸೆಸರ್‌ಗಳು ಅಲ್ಲಿಯೇ ಕೂರುತ್ತವೆ. ಅದೇ 120 ವ್ಯಾಟ್‌ನಲ್ಲಿ 14 ಕೋರ್, 35 ಎಂಬಿ ಕ್ಯಾಶ್ ಕೊಡುವ ಇ5-2680 ವಿ4 ಇದೆ. 22 ಕೋರ್‌ಗಳ 2699 ವಿ4ವರೆಗೂ ಹೋಗಬಹುದು. ನಿಜ ಹೇಳಬೇಕೆಂದರೆ, 2680 ವಿ4 ನಿಮಗೆ ಹತ್ತಿರದ ಬೆಲೆಯಲ್ಲಿ ಸಿಕ್ಕರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಅದನ್ನೇ ಕೊಳ್ಳಿ.

ಬೋರ್ಡ್‌ನ ಸಂಪರ್ಕಗಳನ್ನು ನೋಡಿಕೊಳ್ಳುವ ಚಿಪ್‌ಸೆಟ್‌ನಲ್ಲಿಯೂ ವರ್ಷಗಳ ಅಂತರ ಕಾಣುತ್ತದೆ. 2697 ವಿ2 ಬೋರ್ಡ್‌ಗಳ ಹಳೆಯ ಸಿ602ನಲ್ಲಿ ಸ್ವಂತ ಯುಎಸ್‌ಬಿ 3.0 ಇಲ್ಲ; ಡಿಸ್ಕ್ ಜೋಡಿಸುವ 6 ಗಿಗಾಬಿಟ್ ಸಾಟಾ ಪೋರ್ಟ್‌ಗಳು ಎರಡೇ, ಉಳಿದವು 3 ಗಿಗಾಬಿಟ್‌ನವು. 2680 ವಿ3 ಬೋರ್ಡ್‌ಗಳ ಸಿ612ನಲ್ಲಿ ಆರು ಯುಎಸ್‌ಬಿ 3.0, 6 ಗಿಗಾಬಿಟ್‌ನ ಹತ್ತು ಸಾಟಾ. ನಾಲ್ಕಾರು ಎಸ್‌ಎಸ್‌ಡಿಗಳಿರುವ ಶೇಖರಣಾ ಸರ್ವರ್‌ಗೆ ಇದು ದೊಡ್ಡ ಮಾತು. ಪಿಸಿಐಇಗೆ ನೇರವಾಗಿ ಜೋಡಿಸುವ ಎನ್‌ವಿಎಂಇ ಡಿಸ್ಕ್‌ನಿಂದ ಬೂಟ್ ಆಗುವ ಸಂಭವವೂ ಸಿ612 ಬೋರ್ಡ್‌ಗಳಲ್ಲೇ ಹೆಚ್ಚು. ಹಳೆಯವುಗಳಲ್ಲಿ ಸಾಟಾ ಅಥವಾ ಯುಎಸ್‌ಬಿಯಿಂದ ಶುರುಮಾಡಿ ಎನ್‌ವಿಎಂಇ ಡಿಸ್ಕನ್ನು ದತ್ತಾಂಶಕ್ಕೆ ಇಟ್ಟುಕೊಳ್ಳುವುದು ಸುಲಭದ ದಾರಿ.

ಆಯ್ಕೆಯೇ ಇಲ್ಲದ ಒಂದು ಸಂದರ್ಭವನ್ನೂ ಹೇಳಬೇಕು. 2013ರ ಕೊನೆಯಲ್ಲಿ ಬಂದ ಆಪಲ್‌ನ ದುಂಡನೆಯ ಮ್ಯಾಕ್ ಪ್ರೊನಲ್ಲಿ ಅತ್ಯುನ್ನತ ಆಯ್ಕೆಯಾಗಿ ದೊರೆಯುತ್ತಿದ್ದದ್ದು ಇದೇ 2697 ವಿ2. ಕಡಿಮೆ ಕೋರ್‌ಗಳ ಮಾದರಿ ಕೊಂಡವರೂ ಅದನ್ನು ಬಿಚ್ಚಿ ಇದನ್ನು ಕೂರಿಸಬಹುದು, ಸಾಕೆಟ್ ಇದೆ. ಅಲ್ಲಿ ವಿ3 ಮಾತೇ ಬರುವುದಿಲ್ಲ.

ವಿದ್ಯುತ್ ಮತ್ತು ಬಿಸಿ

130 ಮತ್ತು 120 ವ್ಯಾಟ್ ಎಂಬ ಸಂಖ್ಯೆಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಹ್ಯಾಸ್ವೆಲ್‌ನಲ್ಲಿ ವೋಲ್ಟೇಜ್ ನಿಯಂತ್ರಣದ ಒಂದು ಭಾಗ ಪ್ರೊಸೆಸರ್‌ನ ಒಳಗೇ ಇದೆ, ಅದರ ನಷ್ಟವೂ ಆ 120ರಲ್ಲಿ ಸೇರಿದೆ. ಐವಿ ಬ್ರಿಡ್ಜ್‌ನಲ್ಲಿ ಅದು ಬೋರ್ಡ್‌ನ ಮೇಲಿನ ಖರ್ಚು. ಅಂದರೆ ನಿಜವಾದ ಅಂತರ ಕಾಣುವುದಕ್ಕಿಂತ ಹೆಚ್ಚು. ಜೊತೆಗೆ ಹ್ಯಾಸ್ವೆಲ್-ಇಪಿಯಲ್ಲಿ ಪ್ರತಿ ಕೋರ್ ತನ್ನದೇ ವೇಗದಲ್ಲಿ ನಡೆಯಬಲ್ಲದು. ಐವಿ ಬ್ರಿಡ್ಜ್‌ನಲ್ಲಿ ಎಚ್ಚರವಿರುವ ಕೋರ್‌ಗಳೆಲ್ಲ ಒಂದೇ ವೇಗಕ್ಕೆ ಕಟ್ಟುಬೀಳುತ್ತವೆ. ಡಿಡಿಆರ್4ಗೆ 1.2 ವೋಲ್ಟ್ ಸಾಕು, ಡಿಡಿಆರ್3ಗೆ 1.5 ಅಥವಾ 1.35 ಬೇಕು. ಹಗಲಿರುಳೂ ಹೊತ್ತಿಕೊಂಡಿದ್ದು ಹೆಚ್ಚು ಹೊತ್ತು ಸುಮ್ಮನಿರುವ ಸರ್ವರ್‌ಗೆ ಈ ಉಳಿತಾಯಗಳು ಕೂಡಿ ಲೆಕ್ಕಕ್ಕೆ ಬರುತ್ತವೆ. ಆದರೂ ಹಳೆಯ ಸರ್ವರ್ ಪೆಟ್ಟಿಗೆಯ ಕಿರುಚುವ ಫ್ಯಾನ್‌ಗಳು ಮತ್ತು ಎರಡೆರಡು ಪವರ್ ಸಪ್ಲೈಗಳು ನುಂಗುವುದರ ಮುಂದೆ ಪ್ರೊಸೆಸರ್‌ಗಳ ಅಂತರ ಚಿಕ್ಕದೇ.

ವಿ3 ಬಗ್ಗೆ ಹವ್ಯಾಸಿಗಳ ನಡುವೆ ಓಡಾಡುವ ಒಂದು ತಂತ್ರವಿದೆ: ಬಯಾಸ್‌ನಿಂದ ಮೈಕ್ರೊಕೋಡ್ ತೆಗೆದುಹಾಕಿ ಎಲ್ಲ ಕೋರ್‌ಗಳಿಗೂ 3.3 ಗಿಗಾಹರ್ಟ್ಸ್ ಬಿಡುವುದು. ಹಗುರ ಕೆಲಸದಲ್ಲಿ ಅದು ನಡೆಯುತ್ತದೆ, ಭಾರ ಬಿದ್ದಾಗ 120 ವ್ಯಾಟ್‌ನ ಮಿತಿಯೇ ವೇಗವನ್ನು ಹಿಡಿದೆಳೆಯುತ್ತದೆ. ಅದಕ್ಕಾಗಿ 2018ರ ನಂತರದ ಭದ್ರತಾ ತಿದ್ದುಪಡಿಗಳಿರುವ ಮೈಕ್ರೊಕೋಡ್ ಅನ್ನು ಬಲಿಕೊಡಬೇಕು. ಆಟದ ಯಂತ್ರಕ್ಕೆ ನಿಮ್ಮಿಷ್ಟ. ಅಂತರ್ಜಾಲಕ್ಕೆ ಮುಖ ಮಾಡಿದ ಸರ್ವರ್‌ಗೆ ಬೇಡ.

ಕೊಳ್ಳುವಾಗ

ಪ್ರೊಸೆಸರ್‌ನ ಲೋಹದ ಮುಚ್ಚಳದ ಮೇಲಿನ ಬರಹದ ಸ್ಪಷ್ಟ ಚಿತ್ರ ಕೇಳಿ. 2697 ವಿ2 ಆದರೆ ಎಸ್‌ಆರ್19ಎಚ್, 2680 ವಿ3 ಆದರೆ ಎಸ್‌ಆರ್1ಎಕ್ಸ್‌ಪಿ ಎಂದಿರಬೇಕು. ಆ ಜಾಗದಲ್ಲಿ ಕ್ಯೂ ಅಕ್ಷರದಿಂದ ಶುರುವಾಗುವ ಸಂಕೇತವೋ, ಗೌಪ್ಯ ಎಂಬ ಇಂಗ್ಲಿಷ್ ಬರಹವೋ ಇದ್ದರೆ ಅದು ಪರೀಕ್ಷಾ ಮಾದರಿ. ವೇಗ ಕಡಿಮೆಯಿರಬಹುದು, ಬೋರ್ಡ್ ಗುರುತಿಸದಿರಬಹುದು. ಅಡಿಭಾಗದ ಚಿತ್ರವೂ ಬೇಕು, ಅಲ್ಲಿನ ಪುಟ್ಟ ಕೆಪಾಸಿಟರ್‌ಗಳು ಕಿತ್ತುಹೋಗಿರುವುದುಂಟು. ಸೂಜಿಗಳಿರುವುದು ಪ್ರೊಸೆಸರ್‌ನಲ್ಲಲ್ಲ, ಬೋರ್ಡ್‌ನ ಸಾಕೆಟ್‌ನಲ್ಲಿ. ಬಳಸಿದ ಬೋರ್ಡ್ ಕೊಳ್ಳುವವರು ಪ್ರೊಸೆಸರ್‌ಗಿಂತ ಹೆಚ್ಚು ಅನುಮಾನದಿಂದ ನೋಡಬೇಕಾದದ್ದು ಅದನ್ನು. ಒಂದು ಸೂಜಿ ಬಾಗಿದ್ದರೂ ಒಂದು ಮೆಮೊರಿ ಚಾನೆಲ್ ಸದ್ದಿಲ್ಲದೆ ಮಾಯವಾಗಬಹುದು.

ಮೊದಲ ಪೀಳಿಗೆಯ ಇ5 ಇರುವ ಬೋರ್ಡ್‌ಗೆ 2697 ವಿ2 ಹಾಕುವವರು ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸ್ ನವೀಕರಿಸಬೇಕು. ಮೊದಲು ಬದಲಿಸಿ ಆಮೇಲೆ ನವೀಕರಿಸಲು ಹೋದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಬೋರ್ಡ್ ಮತ್ತು ತಂಪುಕಾರಕ 130 ವ್ಯಾಟ್ ತಡೆಯುತ್ತವೆಯೇ ಎಂಬುದನ್ನು ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಿ, ತೆಳು ಸರ್ವರ್‌ಗಳಲ್ಲಿ ಕೆಲವು ಅದಕ್ಕಿಂತ ಕಡಿಮೆಗೇ ನಿಂತಿವೆ. ಎರಡು ಸಾಕೆಟ್ ತುಂಬುವ ಆಲೋಚನೆಯಿದ್ದರೆ ಎರಡೂ ಪ್ರೊಸೆಸರ್ ಒಂದೇ ಮಾದರಿಯವಾಗಿರಲಿ. ಜೋಡಿಸಿದ ಮೇಲೆ ಮಾಡಬೇಕಾದ ಮೊದಲ ಪರೀಕ್ಷೆ ವೇಗದ್ದಲ್ಲ: ಹಾಕಿದ ಮೆಮೊರಿಯೆಲ್ಲ ಕಾಣುತ್ತಿದೆಯೇ, ನಾಲ್ಕೂ ಚಾನೆಲ್ ಎಚ್ಚರವಾಗಿವೆಯೇ, ಹನ್ನೆರಡೂ ಕೋರ್‌ಗಳ ಮೇಲೆ ಗಂಟೆಗಟ್ಟಲೆ ಎವಿಎಕ್ಸ್ ಬಳಸದ ಭಾರ ಹಾಕಿದಾಗ ವೇಗ 3.0ರಲ್ಲೋ 2.9ರಲ್ಲೋ ನಿಲ್ಲುತ್ತಿದೆಯೇ ಎಂದು ನೋಡಿ. ಅಷ್ಟು ನಿಲ್ಲದೆ ಕುಸಿಯುತ್ತಿದ್ದರೆ ತಂಪುಕಾರಕದ ಪೇಸ್ಟ್ ಬದಲಿಸಿ. ಇಷ್ಟು ವರ್ಷಗಳಲ್ಲಿ ಅದು ಒಣಗಿ ಪುಡಿಯಾಗಿರುತ್ತದೆ.